ಬಿಟ್ಟು ಓದಿದ ಪುಟಗಳು

"'ದೀಪವನ್ನು ಸಣ್ಣಗೆ ಮಾಡಿ ವೀರಮಲ್ಲನು ಹೊನ್ನಾಜಿಯ ಕಡೆಗೆ ತಿರುಗಿದನು...'" ಎಂದು ಓದಿದ ಗಂಗಲಕ್ಷ್ಮಮ್ಮ ಒಮ್ಮೆ ಕೆಮ್ಮಿದಳು. ಹಾಳೆ ತಿರುವಿ ಅದೇ ಉಸಿರಿನಲ್ಲಿ ಮುಂದುವರಿಸಿದಳು: "'ಕೋಳಿ ಕೂಗುವ ಹೊತ್ತಿಗೆ ಸರದಾರನ ಕೆಂಗುದುರೆ ಕೋಟೆಯ ದಿಡ್ಡಿಬಾಗಿಲನ್ನು ದಾಟಿ ಹೋಗಿತ್ತು.'"

ಪುಟ್ಟಕ್ಕ ರಾಟೆ ನಿಲ್ಲಿಸಿದಳು.

"ಆಗ್ಲೇ ಬೆಳಗಾಯ್ತಾ ಗಂಗಕ್ಕ? ಈಗಿನ್ನೂ ದೀಪ ಸಣ್ಣಗೆ ಮಾಡಿದ್ನಲ್ಲ?"

"ಬೆಳಗಾಗ್ದೆ ಇರ್ತದಾ? ದೀಪ ಸಣ್ಣಗೆ ಮಾಡಿದ್ರು, ಮಲಗಿದ್ರು, ಬೆಳಗಾಯ್ತು."

"ಒಬ್ರಿಗೊಬ್ರು ಒಂದು ಮಾತೂ ಆಡ್ಲಿಲ್ವಾ?"

"ಪುಸ್ತಕದಾಗೆ ಇದ್ದುದ್ನ ಓದ್ತೀನಿ. ಇಲ್ದಿದ್ದುದ್ನ ಎಲ್ಲಿಂದ ತರ್ಲಿ?" ಎಂದ ಗಂಗಲಕ್ಷ್ಮಮ್ಮನ ಕಿವಿಗಳು ಕೆಂಪಾಗಿದ್ದವು.

ಬರಗೂರಿನಿಂದ ಒಂದೂವರೆ ಮೈಲಿ ಒಳಗಿದ್ದ ಆ ಹಟ್ಟಿಯಲ್ಲಿ, ಮಧ್ಯಾಹ್ನದ ಊಟ ಮುಗಿಸಿದ ಹೆಂಗಸರು ರಾಟೆ ಎತ್ತಿಕೊಂಡು ಹುಣಸೆಮರದ ಕೆಳಗೆ ಸೇರುವುದು ಅವರ ಅತ್ತೆಯರ ಕಾಲದಿಂದ ಬಂದದ್ದು. ಗಂಡಸರು ಕುರಿಗಳ ಹಿಂದೆ ಹೋಗಿರುತ್ತಿದ್ದರು, ಇಲ್ಲವೇ ಮಗ್ಗದ ಗುಂಡಿಯಲ್ಲಿ ಕೂತು ಕಂಬಳಿ ನೇಯುತ್ತಿದ್ದರು. ಉಣ್ಣೆ ಎಕ್ಕಿ, ಹಿಂಜಿ, ನೂಲುವುದು ಹೆಂಗಸರ ಪಾಲು. ಮೊದಲೆಲ್ಲ ಕೈ ಉಣ್ಣೆ ನೂಲುತ್ತಿದ್ದರೆ ಬಾಯಿ ಊರಿನವರ ಸುದ್ದಿ ನೂಲುತ್ತಿತ್ತು. ಈರಕ್ಕನ ಮನೆಗೆ ಎಂಟನೇ ಕ್ಲಾಸು ಓದಿದ ಸೊಸೆ ಬಂದ ಮೇಲೆ ಇದು ಬದಲಾಯಿತು. ಗಂಗಲಕ್ಷ್ಮಮ್ಮ ಸಿರಾ ಪೇಟೆಯವಳು. ನೂಲಲು ಕೂತರೆ ಗಳಿಗೆಗೊಂದು ಸಲ ಎಳೆ ಕಡಿದುಕೊಂಡು ಅಳುವ ಮುಖ ಮಾಡುತ್ತಿದ್ದಳು. ಅದೇ ಪುಸ್ತಕ ಕೊಟ್ಟರೆ ಹೊತ್ತು ಮುಳುಗುವವರೆಗೂ ತಡವರಿಸುತ್ತಿರಲಿಲ್ಲ. ಹಾಗಾಗಿ ಯಾರೂ ಕೂತು ತೀರ್ಮಾನಿಸದೆಯೇ ಒಂದು ಪದ್ಧತಿ ಬೆಳೆದುಬಿಟ್ಟಿತು. ಅವಳು ಕತೆ ಓದಬೇಕು. ಕೇಳುವ ಮೂವರೂ ಅವಳ ಪಾಲಿನ ಉಣ್ಣೆಯನ್ನು ಹಂಚಿಕೊಂಡು ನೂತು ಕೊಡಬೇಕು. ಕತೆ ಪುಸ್ತಕ ಕಂಡರಾಗದ ಈರಕ್ಕ ಕೂಡ, ಸೊಸೆ ಕೂತಲ್ಲಿಗೇ ನೂಲು ಬರುವುದನ್ನು ನೋಡಿ ಬಾಯಿ ಮುಚ್ಚಿಕೊಂಡಿದ್ದಳು.

ಪುಸ್ತಕ ತರುತ್ತಿದ್ದವರು ಚಂದ್ರಶೇಖರಯ್ಯ ಮೇಷ್ಟ್ರು. ಸಿರಾಕ್ಕೆ ಹೋದಾಗಲೆಲ್ಲ ಲೈಬ್ರರಿಯಿಂದ ಕೈಗೆ ಸಿಕ್ಕ ದಪ್ಪ ಪುಸ್ತಕವೊಂದನ್ನು ಎತ್ತಿಕೊಂಡು ಬರುತ್ತಿದ್ದರು. ಒಳಗೇನಿದೆಯೆಂದು ನೋಡುವ ಚಪಲ ಪಾಪ, ಅವರಿಗಿರಲಿಲ್ಲ. ಎಂಬತ್ತನಾಲ್ಕರ ಆ ಬೇಸಿಗೆಯಲ್ಲಿ ಅವರು ತಂದದ್ದು 'ಕೆಂಗುದುರೆಯ ಸರದಾರ'. ಪಾಳೆಯಗಾರರ ಕಾಲದ ಕತೆ. ಅದರ ವೀರಮಲ್ಲ ದಾರಿ ಕಾದು ಖಜಾನೆ ಹೊಡೆಯುವವನು. ಮೂರು ಕೋಟೆಗಳಲ್ಲಿ ಮೂವರು ಹೆಂಗಸರನ್ನು ನಂಬಿಸಿ ಬಂದವನು. ಹೊನ್ನಾಜಿಯನ್ನು ಮದುವೆಯ ಚಪ್ಪರದಿಂದಲೇ ಕುದುರೆಯ ಮೇಲೆ ಹಾಕಿಕೊಂಡು ಹಾರಿದ್ದ. ಓದಿದವರು ಪುಸ್ತಕದ ಅಂಚಿನಲ್ಲೇ ಜಗಳವಾಡಿದ್ದರು. 'ಇಂಥದ್ದನ್ನು ಬರೆದವನ ಕೈ ಕಡಿಯಬೇಕು' ಎಂದು ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರೆ, 'ಎರಡನೇ ಭಾಗ ಬರೆಸಿಕೊಂಡು ಆಮೇಲೆ ಕಡಿಯಿರಿ' ಎಂದು ಇನ್ಯಾರೋ ಅದರ ಕೆಳಗೇ ಗೀಚಿದ್ದರು. ಗಂಗಲಕ್ಷ್ಮಮ್ಮ ಅದನ್ನೂ ಬಿಡದೆ ಓದಿ ಹೇಳುತ್ತಿದ್ದಳು.

ಹುಣಸೆಮರದ ಕೆಳಗೂ ಎರಡು ಪಕ್ಷವಾಗಿ ಹದಿನೈದು ದಿನವಾಗಿತ್ತು.

"ಗಂಡಸಂದ್ರೆ ಅವ್ನು ಕಣಮ್ಮ," ಎನ್ನುತ್ತಿದ್ದಳು ಪುಟ್ಟಕ್ಕನ ಅತ್ತಿಗೆ ಕ್ಯಾತಮ್ಮ. "ಬಂದ, ಎತ್ತಾಕ್ಕಂಡ, ಹೋದ. ನಮ್ಮನೇಲೂ ಒಬ್ಬ ಅವ್ನೆ, ಕುರಿಮರಿ ಎತ್ತೋಕೂ ಇನ್ನೊಬ್ಬನ್ನ ಕರೀತಾನೆ."

"ಮೂರು ಕೋಟೆ ನೀರು ಕುಡ್ದೋನು ನಾಕನೇ ಕೋಟೆಗೆ ಹೋಗಲ್ಲ ಅಂತ ಯಾರು ಬರ್ದು ಕೊಟ್ಟವ್ರೆ?" ಎಂದು ಈರಕ್ಕ ಉಣ್ಣೆಯನ್ನು ಜಗ್ಗಿ ಎಳೆಯುತ್ತಿದ್ದಳು. "ಆ ಹೊನ್ನಾಜಿ ಕಣ್ಣಿಗೆ ಪೊರೆ ಬಂದೈತೆ. ಹಲ್ಲು ಕಿರ್ದು ಮಾತಾಡ್ದೋರೆಲ್ಲ ಒಳ್ಳೇರಾ?"

ಹೆಸರು ವೀರಮಲ್ಲನದು, ಮಾತು ಅಂಜನಪ್ಪನದು. ಇದು ಎಲ್ಲರಿಗೂ ಗೊತ್ತಿತ್ತು. ಆದರೆ ಪುಟ್ಟಕ್ಕನ ಎದುರಿಗೆ ಅವನ ಹೆಸರೆತ್ತುವ ಹಾಗಿರಲಿಲ್ಲವಾದ್ದರಿಂದ, ಪಾಳೆಯಗಾರರ ಕಾಲದ ಸರದಾರ ದಿನವೂ ಬೈಸಿಕೊಳ್ಳುತ್ತಿದ್ದ, ಹೊಗಳಿಸಿಕೊಳ್ಳುತ್ತಿದ್ದ.

ಅಂಜನಪ್ಪ ಕಳ್ಳಂಬೆಳ್ಳದವನು. ಪಾವಗಡ, ಹಿಂದೂಪುರದ ಕಡೆಯೆಲ್ಲ ತಿರುಗಿ ಕುರಿ ವ್ಯಾಪಾರ ಮಾಡುತ್ತಿದ್ದ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕೆಂಪು ಬಣ್ಣದ ರಾಜದೂತ್ ಮೋಟಾರ್‌ಸೈಕಲ್ಲು, ಕೈಗೆ ಗಡಿಯಾರ, ಯಾರನ್ನು ಕಂಡರೂ ಒಂದು ತಮಾಷೆ. ಹಿಂದೂಪುರದಲ್ಲಿ ಒಬ್ಬಳಿದ್ದಳು ಎಂಬ ಮಾತೂ ಇತ್ತು. ಈಗ ಇಲ್ಲ ಎಂಬ ಮಾತೂ ಇತ್ತು. ಗಂಡ ಸತ್ತು ಮೂರು ವರ್ಷದಿಂದ ಅಣ್ಣ ಬೋರಪ್ಪನ ಮನೆಯಲ್ಲಿದ್ದ ಪುಟ್ಟಕ್ಕನನ್ನು ಕೂಡಿಕೆ ಮಾಡಿಕೊಳ್ಳುತ್ತೇನೆಂದು ಅವನೇ ಕೇಳಿ ಕಳಿಸಿದ್ದ. ಬರುವ ಸೋಮವಾರ ಹತ್ತು ಗಂಟೆಗೆ ಬರುವುದೆಂದು ಗೊತ್ತಾಗಿತ್ತು.

ಕೂಡಿಕೆಗೆ ವಾಲಗ ಚಪ್ಪರದ ಗೊಡವೆಯಿಲ್ಲ. ಗಂಡಿನ ಕಡೆಯವರು ಒಂದು ಸೀರೆ, ಎಲೆ ಅಡಿಕೆ ತಂದು ತಟ್ಟೆಯಲ್ಲಿಡುತ್ತಾರೆ. ಹಟ್ಟಿಯ ಯಜಮಾನ, "ಒಪ್ಪಿಗೇನವ್ವಾ?" ಎಂದು ಒಂದೇ ಸಲ ಕೇಳುತ್ತಾನೆ. ಹೆಣ್ಣು ತಲೆ ಬಗ್ಗಿಸಿ ಕೂತರೆ ಒಪ್ಪಿದ ಹಾಗೆ. ತಲೆ ಯಾಕೆ ಬಗ್ಗಿತು ಎಂದು ಯಾರೂ ವಿಚಾರಿಸುವುದಿಲ್ಲ. ಸೀರೆಯನ್ನು ಮಡಿಲಿಗೆ ಹಾಕಿ ಕಳಿಸಿಕೊಡುತ್ತಾರೆ. ಬಗ್ಗಿಸದೆ ಕೂತವಳನ್ನು ಆ ಹಟ್ಟಿಯಲ್ಲಿ ಯಾರೂ ಕಂಡಿರಲಿಲ್ಲ.

ಅಂದು ಓದು ಮುಗಿದು ಎಲ್ಲರೂ ಎದ್ದ ಮೇಲೂ ಪುಟ್ಟಕ್ಕ ತನ್ನ ರಾಟೆಯ ಕದಿರಿಗೆ ಸುತ್ತಿದ್ದ ನೂಲನ್ನೇ ನೋಡುತ್ತ ಕೂತಿದ್ದಳು. ಅವಳಿಗೆ ಅಕ್ಷರ ಬಾರದು. ಆದರೆ ಈ ಪುಸ್ತಕದ ಒಂದು ಅಧ್ಯಾಯ ಮುಗಿಯುವಷ್ಟರಲ್ಲಿ ತನ್ನ ಕದಿರು ಒಂದು ಸಲ ತುಂಬುತ್ತದೆಂದು ಹದಿನೈದು ದಿನದಿಂದ ಅವಳ ಬೆರಳುಗಳಿಗೆ ಗೊತ್ತು. ಇವತ್ತು ಅರ್ಧವೂ ತುಂಬಿರಲಿಲ್ಲ. ಮೊನ್ನೆ ಬೆಟ್ಟದ ಗವಿಯ ಅಧ್ಯಾಯದಲ್ಲೂ ಹೀಗೇ ಆಗಿತ್ತು. ಗಂಗಕ್ಕ ಪುಟ ಹಾರಿಸುತ್ತಿದ್ದಳು. ಹಾರಿಸುತ್ತಿದ್ದುದು ಪ್ರತಿ ಸಲವೂ ದೀಪ ಸಣ್ಣಗಾದ ಮೇಲೆ.

---

"ಸೋಮವಾರ ಬೆಳಿಗ್ಗೇನೇ ಎಣ್ಣೆ ಹಚ್ಕಂಡು ತಲೆಗೆ ನೀರು ಹಾಕ್ಕ," ಎಂದ ಬೋರಪ್ಪ ಸಂಜೆ ಮುದ್ದೆ ಮುರಿಯುತ್ತ. ತಂಗಿಯ ಮುಖ ನೋಡಲಿಲ್ಲ. ಅವನು ಕೆಟ್ಟ ಅಣ್ಣನೇನಲ್ಲ. ಮೂರು ವರ್ಷ ಅನ್ನ ಹಾಕಿ ಒಂದು ದಿನವೂ ಎತ್ತಿ ಆಡಿದವನಲ್ಲ. ಆದರೆ ಹೆಣ್ಣುಮಕ್ಕಳ ಹತ್ತಿರ ಕೇಳಿ ಮಾಡುವ ಕೆಲಸಗಳು ಬೇರೆ, ಕೇಳದೆ ಮಾಡುವವು ಬೇರೆ ಎಂದು ಅವನ ಲೆಕ್ಕ.

"ನಾನಿನ್ನೂ ಏನೂ ಅಂದಿಲ್ವಲ್ಲಣ್ಣ."

"ಅನ್ನೋದೇನೈತೆ? ಕುರಿ ಕಂಡ್ರೆ ತೂಕ ಹೇಳ್ತಾನೆ, ಬಾಳಾ ಬುದ್ಧಿವಂತ. ಮನೆ ಐತೆ, ಗಾಡಿ ಐತೆ. ಇನ್ನೇನು ಬೇಕು?"

"ಕೆಂಗುದುರೆ ಸರದಾರ ಕಣೆ ನಿನ್ಗೆ," ಎಂದು ಕ್ಯಾತಮ್ಮ ನಕ್ಕು ಇನ್ನೊಂದು ಸೌಟು ಸಾರು ಬಡಿಸಿದಳು. ಆ ನಗುವಿನಲ್ಲಿ ಪ್ರೀತಿಯೂ ಇತ್ತು. ಒಂದು ಕೋಣೆ ಖಾಲಿಯಾಗುತ್ತದೆಂಬ ಸಮಾಧಾನವೂ ಇತ್ತು.

ನಿಜ ಹೇಳಬೇಕೆಂದರೆ ಪುಟ್ಟಕ್ಕನಿಗೆ ಅಂಜನಪ್ಪ ಇಷ್ಟವಾಗಿದ್ದ. ಕುರಿ ನೋಡಲು ಬಂದವನಿಗೆ ಮಜ್ಜಿಗೆ ಕೊಟ್ಟಿದ್ದಳು. ಎರಡು ಲೋಟ ಕುಡಿದು, ಮೂರನೆಯದಕ್ಕೆ ಲೋಟ ಚಾಚಿ, "ಉಪ್ಪು ಹಾಕೋದು ಮರ್ತಿದ್ದೀಯ ತಾಯಿ. ಹೆಂಗೂ ಕುಡಿಯೋನು ಕುಡೀತಾನೆ ಅಂತ ಧೈರ್ಯ ಅಲ್ವಾ?" ಎಂದಿದ್ದ. ಅವಳು ಗಟ್ಟಿಯಾಗಿ ನಕ್ಕುಬಿಟ್ಟಿದ್ದಳು. ಮೂರು ವರ್ಷದಲ್ಲಿ ಅದೇ ಮೊದಲು. ಆಮೇಲೆ ಒಂದು ವಾರ ಆ ಕೆಂಪು ಗಾಡಿಯ ಸದ್ದಿಗೆ ಕಿವಿ ಕೊಟ್ಟುಕೊಂಡೇ ಕೆಲಸ ಮಾಡಿದ್ದಳು.

ಇಷ್ಟ ಒಂದು ಕಡೆ, ಭಯ ಇನ್ನೊಂದು ಕಡೆ. ಹದಿನಾರಕ್ಕೆ ಮಧುಗಿರಿ ಕಡೆ ಮದುವೆ ಮಾಡಿಕೊಟ್ಟಿದ್ದರು. ಜ್ವರದಲ್ಲಿ ಹೋದ ಆ ಗಂಡ ಕುಡುಕನಲ್ಲ, ಹೊಡೆದವನಲ್ಲ. ಊರೆಲ್ಲ ಒಳ್ಳೆಯವನೆಂದೇ ಹೇಳುತ್ತಿತ್ತು. ಆದರೆ ಏಳು ವರ್ಷದಲ್ಲಿ ಅವಳು ಬೇಡ ಎಂದ ಒಂದೇ ಒಂದು ಮಾತೂ ಆ ಮನೆಯಲ್ಲಿ ನಿಂತಿರಲಿಲ್ಲ. ತವರಿನಿಂದ ಹೊಡೆದುಕೊಂಡು ಹೋಗಿದ್ದ ಕರಿ ಮೇಕೆಯನ್ನು ಮಾರಬೇಡ ಎಂದಳು, ಮಾರಿದ. ಮೈಯಲ್ಲಿ ಹುಷಾರಿಲ್ಲ, ಇವತ್ತು ಬೇಡ ಎಂದ ರಾತ್ರಿಗಳಲ್ಲೂ ಅವನು ಕೇಳಿಸಿಕೊಂಡವನಲ್ಲ. ಸಿಟ್ಟಿನಿಂದಲ್ಲ, ಬೇಡ ಎಂಬುದು ಒಂದು ಮಾತು ಎಂದೇ ಅವನಿಗೆ ತೋರುತ್ತಿರಲಿಲ್ಲ. ಅವನು ಸತ್ತಾಗ ಪುಟ್ಟಕ್ಕ ಅತ್ತಳು. ಅತ್ತು ಮುಗಿದ ಮೇಲೆ, ಇನ್ನು ಮಲಗಿದರೆ ಬೆಳಗಿನ ತನಕ ಯಾರೂ ಎಬ್ಬಿಸುವುದಿಲ್ಲ ಎಂದು ನೆನಪಾಗಿ ಅವಳಿಗೇ ನಾಚಿಕೆಯಾಗಿತ್ತು.

ಹಿಂದೂಪುರದವಳು ಇದ್ದಳೋ ಇಲ್ಲವೋ ಎಂಬುದರ ಬಗ್ಗೆ ಅವಳಿಗೆ ಅಷ್ಟು ಚಿಂತೆಯಿರಲಿಲ್ಲ. ನಗಿಸುವ ಗಂಡಸು ಹಗಲಿನಲ್ಲಿ ನಗಿಸುತ್ತಾನೆ. ದೀಪ ಸಣ್ಣಗಾದ ಮೇಲೆ ಅವನು ಎಂಥವನು? ವೀರಮಲ್ಲನ ಮೇಲೆ ಎಲ್ಲರೂ ತೀರ್ಪು ಕೊಡುತ್ತಿದ್ದರು, ಅಂಜನಪ್ಪನ ಮೇಲೂ ಕೊಡುತ್ತಿದ್ದರು. ಅವಳಿಗೆ ತಿಳಿಯಬೇಕಾಗಿದ್ದ ಪುಟವನ್ನು ಮಾತ್ರ ಯಾರೂ ಓದುತ್ತಿರಲಿಲ್ಲ.

---

ಭಾನುವಾರ ಮಧ್ಯಾಹ್ನ ಗಂಗಲಕ್ಷ್ಮಮ್ಮ ಪುಸ್ತಕ ಬಿಚ್ಚುತ್ತಿದ್ದ ಹಾಗೇ ಪುಟ್ಟಕ್ಕ ಕೈಯನ್ನು ಹಾಳೆಯ ಮೇಲಿಟ್ಟಳು.

"ಮುಂದಿಂದು ಬ್ಯಾಡ ಗಂಗಕ್ಕ. ನಿನ್ನೆ ಬುಟ್ಟಿದ್ದು ಓದು."

"ಏನು ಬುಟ್ಟೆ?"

"ದೀಪ ಸಣ್ಣಗೆ ಮಾಡಿದ ಮ್ಯಾಲಿಂದು. ನನ್ ಕದಿರು ಅರ್ಧಾನೂ ತುಂಬ್ಲಿಲ್ಲ. ನಿನ್ ಪಾಲಿನ ನೂಲು ಪೂರಾ ಕೊಟ್ಟಿದ್ದೀವಿ, ಕತೆ ಅರ್ಧ ಕೊಡ್ತೀಯಲ್ಲ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಗಂಗಲಕ್ಷ್ಮಮ್ಮ ಮೊದಲು ನೋಡಿದ್ದು ಅತ್ತೆಯ ಮುಖವನ್ನು. "ಅಯ್ಯೋ, ಅದು... ಅದೆಲ್ಲ ಬ್ಯಾಡದ್ದು ಪುಟ್ಟಕ್ಕ. ದೊಡ್ಡೋರ ಮುಂದೆ ಓದೋ ಅಂಥದ್ದಲ್ಲ."

ಕ್ಯಾತಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಗತೊಡಗಿದಳು. ಈರಕ್ಕ ನಗಲಿಲ್ಲ. ರಾಟೆ ಪಕ್ಕಕ್ಕಿಟ್ಟು ಸೊಸೆಯನ್ನೇ ದಿಟ್ಟಿಸಿದಳು.

"ಅಂದ್ರೆ ನೀನು ಹಾರಿಸ್ತಿದ್ದೆ ಅನ್ನು. ಎಷ್ಟು ದಿನದಿಂದ?"

"ಗವಿ ಅಧ್ಯಾಯದಿಂದ ಅತ್ತೆ."

"ನಾನು ಈ ವಯಸ್ಸಿನಾಗೆ ಕಣ್ಣು ಕಿರಿದು ಮಾಡ್ಕಂಡು ನಿನ್ ಉಣ್ಣೆ ನೂಲ್ತೀನಿ, ನೀನು ನನ್ಗೆ ಅರ್ಧ ಕತೆ ಹೇಳ್ತೀಯ? ನನ್ ಮುಂದೆ ನಾಚ್ಕೆನಾ ನಿನ್ಗೆ? ನಿನ್ ಗಂಡನ್ನ ನಾನೇನು ಸಂತೇಲಿ ತಂದೆ ಅನ್ಕಂಡಿದ್ದೀಯಾ? ಓದು!"

ಗಂಗಲಕ್ಷ್ಮಮ್ಮ ಓದಿದಳು. ಮೊದಲೆರಡು ಸಾಲು ಯಾರಿಗೂ ಕೇಳದ ದನಿಯಲ್ಲಿ. ಈರಕ್ಕ ಗದರಿದ ಮೇಲೆ, ಪಾಠ ಒಪ್ಪಿಸುವ ಹುಡುಗಿಯಂತೆ ಕಣ್ಣು ಎತ್ತದೆ, ಒಂದೇ ಸಮನೆ. ಕತೆಗಾರ ಜಿಪುಣನಲ್ಲ. ಹೊನ್ನಾಜಿಯ ಮುತ್ತಿನ ಸರ ಹರಿದು ಮುತ್ತುಗಳು ಹಾಸಿನ ಮೇಲೆ ಉರುಳಲು ಒಂದು ಪುಟ, ಕುಪ್ಪಸದ ಗಂಟು ಸಡಿಲವಾಗಲು ಇನ್ನೊಂದು ಪುಟ ತೆಗೆದುಕೊಂಡಿದ್ದ. ಕ್ಯಾತಮ್ಮನ ನಗು ಯಾವಾಗಲೋ ನಿಂತಿತ್ತು. ಈರಕ್ಕ ಒಂದು ಹಿಡಿ ಉಣ್ಣೆಯನ್ನು ಹಿಡಿದುಕೊಂಡು ಅದನ್ನು ರಾಟೆಗೆ ಕೊಡುವುದನ್ನೇ ಮರೆತಿದ್ದಳು. ಪುಟ್ಟಕ್ಕನ ಕಿವಿ ಬಿಸಿಯಾಗಿತ್ತು. ಸುಳ್ಳು ಯಾಕೆ, ಅವಳಿಗೆ ಹಿತವಾಗಿತ್ತು. ಕೆಂಪು ಗಾಡಿ, ಮಜ್ಜಿಗೆಯ ಲೋಟ ಚಾಚಿದ ಕೈ ನೆನಪಾದವು.

"'ಬೇಡ ಸರದಾರ, ಎಂದಳು ಹೊನ್ನಾಜಿ,'" ಗಂಗಲಕ್ಷ್ಮಮ್ಮ ಓದುತ್ತಿದ್ದಳು. "'ಅವಳ ತುಟಿ ಬೇಡವೆಂದರೂ ಕಣ್ಣು ಬೇಕೆನ್ನುತ್ತಿತ್ತು. ಹೆಣ್ಣು ಆಡುವ ಬೇಡವೆಂಬ ಮಾತು ಗಂಡಿಗೆ ಕೊಟ್ಟ ವೀಳ್ಯವೆಂಬುದನ್ನು ವೀರಮಲ್ಲನು ಬಲ್ಲವನಾಗಿದ್ದನು. ಅವನು ನಕ್ಕು ಬಾಗಿಲಿಗೆ ಅಗುಳಿ ಹಾಕಿದನು.'"

"ತಡಿ," ಎಂದಳು ಪುಟ್ಟಕ್ಕ. "ಅದ್ನ ಇನ್ನೊಂದ್ಸಲ ಓದು."

ಗಂಗಲಕ್ಷ್ಮಮ್ಮ ಓದಿದಳು.

"ಬ್ಯಾಡ ಅಂದ್ಲಾ ಅವ್ಳು?"

"ಹೂಂ."

"ಇವ್ನು ನಕ್ಕು ಅಗುಳಿ ಹಾಕಿದ್ನಾ?"

"ಹೂಂ. ಇಲ್ಲಿ ಯಾರೋ 'ಅದ್ಭುತ' ಅಂತ ಪೆನ್ಸಿಲ್ನಾಗೆ ಬರ್ದವ್ರೆ." ಗಂಗಲಕ್ಷ್ಮಮ್ಮ ಪುಸ್ತಕವನ್ನು ಹತ್ತಿರ ಹಿಡಿದು ನೋಡಿದಳು. "ಇನ್ಯಾರೋ ಆ ಸಾಲ್ನ ಶಾಯಿಲಿ ಹೊಡ್ದಾಕವ್ರೆ. ಹಾಳೆ ಹರಿಯೋ ಅಂಗೆ ಒತ್ತವ್ರೆ. ಆದ್ರೂ ಓದೋಕೆ ಬತ್ತದೆ."

"ಅದ್ರಾಗೇನೈತೆ?" ಎಂದಳು ಕ್ಯಾತಮ್ಮ. "ಹೆಂಗಸಾದೋಳು ಮೊದ್ಲು ಬ್ಯಾಡ ಅಂತಾಳೆ. ಬೇಕು ಅಂತ ಬಾಯಿ ಬುಟ್ಟು ಕೇಳೋಳು ಎಂಥೋಳು? ಅವ್ಳ ಕಣ್ಣಾಗೆ ಇತ್ತು ಅಂತ ಬರ್ದಿಲ್ವಾ?"

"ಅವ್ಳ ಕಣ್ಣಾಗಿದ್ದುದ್ನ ಬರ್ದೋನು ಯಾವಾಗ ನೋಡ್ದ?" ಎಂದಳು ಪುಟ್ಟಕ್ಕ. ದನಿ ತನಗೇ ಒರಟಾಗಿ ಕೇಳಿಸಿತು. "ನಾನೂ ಅಂದಿದ್ದೆ ಅತ್ಗೆ, ಏಳು ವರ್ಷ. ನನ್ ಕಣ್ಣಾಗೆ ಏನೂ ಇರ್ಲಿಲ್ಲ."

ಕ್ಯಾತಮ್ಮ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಈರಕ್ಕ ಮಾತಾಡಿದಳು, ಯಾರ ಮುಖವನ್ನೂ ನೋಡದೆ, ಕೈಯಲ್ಲಿದ್ದ ಉಣ್ಣೆಗೆ ಹೇಳುವಂತೆ.

"ನಾನೂ ಅಂತಿದ್ದೆ. ಎಂಟು ಹೆತ್ತೆ."

ಹದಿನೈದು ದಿನದಿಂದ ವೀರಮಲ್ಲನ ಪರ ವಾದಿಸಿದ್ದ ಕ್ಯಾತಮ್ಮ, "ಕತೆ ಕಣ್ರಮ್ಮ, ಬುಡ್ರಿ," ಎಂದಳು. ಆ ಮಾತಿಗೆ ಮೊದಲಿನ ಗಟ್ಟಿತನವಿರಲಿಲ್ಲ. ಗಂಗಲಕ್ಷ್ಮಮ್ಮ, "ಮುಂದಕ್ಕೆ ಓದ್ಲಾ?" ಎಂದು ಕೇಳಿದಳು.

"ಪೂರಾ ಓದು," ಎಂದಳು ಪುಟ್ಟಕ್ಕ. "ಒಂದು ಅಕ್ಷರ ಬುಡ್ಬ್ಯಾಡ."

ಅಧ್ಯಾಯ ಮುಗಿಯುವವರೆಗೂ ಕೇಳಿದಳು. ಹೊನ್ನಾಜಿ ಕೋಳಿ ಕೂಗುವ ಮೊದಲೇ ಎದ್ದು ಸರದಾರನ ಪಾದದ ಧೂಳನ್ನು ಕಣ್ಣಿಗೆ ಒತ್ತಿಕೊಂಡದ್ದನ್ನೂ ಕೇಳಿದಳು. ಅಷ್ಟೊತ್ತಿಗೆ ಅವಳೊಳಗೆ ಒಂದು ತೀರ್ಮಾನ ಕೂತಿತ್ತು. ಅಂಜನಪ್ಪ ಅಂಥವನೋ ಅಲ್ಲವೋ ಎಂಬುದನ್ನು ಈರಕ್ಕನೂ ಹೇಳಲಾರಳು, ಕ್ಯಾತಮ್ಮನೂ ಹೇಳಲಾರಳು. ಅಗುಳಿ ಬಿದ್ದ ಮೇಲೆ ತಿಳಿದುಕೊಂಡರೆ ಪ್ರಯೋಜನವಿಲ್ಲ. ಬಾಗಿಲು ತೆರೆದಿರುವಾಗಲೇ, ಹಗಲಿನಲ್ಲೇ, ನಾಲ್ಕು ಜನರ ಮುಂದೆಯೇ ನೋಡಬೇಕು.

---

ಸೋಮವಾರ ಹತ್ತಕ್ಕೆ ಸರಿಯಾಗಿ ಕೆಂಪು ರಾಜದೂತ್ ಬಂತು. ಹಿಂದೆ ಅಂಜನಪ್ಪನ ಸೋದರಮಾವ ಚೀಲ ತಬ್ಬಿಕೊಂಡು ಕೂತಿದ್ದ. ಬೋರಪ್ಪ ಜಗಲಿಯ ಮೇಲೆ ಹೊಸ ಕಂಬಳಿ ಹಾಸಿದ್ದ. ಹಟ್ಟಿಯ ಯಜಮಾನ ಸಣ್ಣರಂಗಯ್ಯ ಗೋಡೆಗೆ ಒರಗಿ ಕೂತಿದ್ದ. ಈರಕ್ಕ, ಗಂಗಲಕ್ಷ್ಮಮ್ಮ ಬಾಗಿಲ ಪಕ್ಕದಲ್ಲಿ ನಿಂತಿದ್ದರು. ಅಂಜನಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ ಬಂದಿದ್ದ. ಬಂದವನೇ ಸಣ್ಣರಂಗಯ್ಯನಿಗೆ ಕೈಮುಗಿದು, "ಏನು ಯಜಮಾನ್ರೇ, ಹೋದ ಸಲ ಬಂದಾಗ ಹಲ್ಲು ಮೂರಿದ್ವು, ಈಗ ಎರಡೇ ಕಾಣ್ತಾವೆ. ಒಂದ್ನ ಯಾರಿಗೆ ಮಾರಿದ್ರಿ?" ಎಂದ. ಮುದುಕ ಆ ಎರಡನ್ನೂ ತೋರಿಸಿ ನಕ್ಕ.

ಪುಟ್ಟಕ್ಕ ಬಂದು ಕಂಬಳಿಯ ಅಂಚಿನಲ್ಲಿ ಕೂತಳು. ಅವನ ಕಡೆ ಒಂದು ಸಲ ನೋಡಿದಳು. ಅವನೂ ಅವಳನ್ನೇ ನೋಡುತ್ತಿದ್ದ. ಅವನ ತಮಾಷೆ ಎಲ್ಲೋ ಜಾರಿ, ಮುಖದಲ್ಲಿ ಅಂಜಿಕೆ ಇತ್ತು. ಅದನ್ನು ಕಂಡು ಅವಳಿಗೆ ಪಾಪ ಎನಿಸಿತು. ಹೂಂ ಅಂದುಬಿಡೋಣವೇ ಎಂದೂ ಅನಿಸಿತು. ತಟ್ಟೆಯಲ್ಲಿ ನೇರಳೆ ಬಣ್ಣದ ಸೀರೆ, ಎಲೆ, ಅಡಿಕೆ, ಎರಡು ಬಾಳೆಹಣ್ಣು.

"ಒಪ್ಪಿಗೇನವ್ವಾ?" ಎಂದ ಸಣ್ಣರಂಗಯ್ಯ.

ಬೇಕು ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು. ಪುಟ್ಟಕ್ಕ ಅದನ್ನು ನುಂಗಿದಳು. ತಲೆ ಎತ್ತಿ, ಅಂಜನಪ್ಪನ ಮುಖವನ್ನೇ ನೋಡುತ್ತ ಹೇಳಿದಳು:

"ಬ್ಯಾಡ."

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

"ನಾಚ್ಕೆ ಕಣಪ್ಪ ಅವ್ಳಿಗೆ," ಎಂದಳು ಕ್ಯಾತಮ್ಮ. "ರಾತ್ರಿಯೆಲ್ಲ ನಿದ್ದೆ ಇಲ್ಲ, ಏನೋ ಬಾಯಿಗೆ ಬಂತು."

"ಹೆಂಗಸ್ರು ಮೊದ್ಲು ಅಂಗೇ ಅಂತಾರೆ ಭಾವ, ನೀನು ಮನಸ್ಸಿಗೆ ಹಚ್ಕಬ್ಯಾಡ," ಎಂದ ಬೋರಪ್ಪ, ತಂಗಿಯನ್ನು ಸುಡುವಂತೆ ನೋಡುತ್ತ.

"ಇದೇನು ಹೊಸದಾ?" ಸಣ್ಣರಂಗಯ್ಯ ಕೈ ಬೀಸಿದ. "ಕೋಳೀನ ಕೇಳಿ ಮಸಾಲೆ ಅರೀತಾರಾ? ಕೇಳೋದು ಪದ್ಧತಿ, ಕೇಳ್ದೆ. ಆಯ್ತು. ಸೀರೆ ತಗಂಡು ಮಡ್ಲಿಗಾಕು ಕ್ಯಾತಮ್ಮ, ಹೊತ್ತು ಮೀರ್ತದೆ."

ಕ್ಯಾತಮ್ಮ ಸೀರೆ ಎತ್ತಿಕೊಂಡು ಬಗ್ಗಿದಳು. ಪುಟ್ಟಕ್ಕ ಮಡಿಲಿನ ಮೇಲೆ ಎರಡೂ ಕೈ ಗಟ್ಟಿಯಾಗಿ ಕಟ್ಟಿಕೊಂಡಳು. ಅವಳ ಕಣ್ಣು ಅಂಜನಪ್ಪನನ್ನು ಬಿಟ್ಟು ಕದಲಲಿಲ್ಲ. ನಗುತ್ತಾನೋ? ಈಗ ನಕ್ಕರೆ ಮುಗಿಯಿತು ಎಂದುಕೊಂಡಳು.

ಅಂಜನಪ್ಪ ನಗಲಿಲ್ಲ. "ತಡಿ ಅಕ್ಕ," ಎಂದ. ಕ್ಯಾತಮ್ಮನ ಕೈ ಅಲ್ಲೇ ನಿಂತಿತು.

ಅವನು ಪುಟ್ಟಕ್ಕನನ್ನು ನೋಡಿದ. ಬೋರಪ್ಪನನ್ನು ನೋಡಿದ. ಅವನ ಮುಖ ಬಾಡಿತ್ತು. ಅದನ್ನು ಮುಚ್ಚಿಕೊಳ್ಳಲು ಅವನಿಗೆ ಒಂದು ತಮಾಷೆಯೂ ಸಿಕ್ಕಲಿಲ್ಲ.

"ಬ್ಯಾಡ ಅಂದ್ಲಲ್ಲಪ್ಪ," ಎಂದ. "ನನ್ಗೆ ಕೇಳುಸ್ತು. ನಿಮ್ಗ್ಯಾರ್ಗೂ ಕೇಳುಸ್ಲಿಲ್ವಾ?"

"ಅದಲ್ಲ ಭಾವ, ಕುಂತ್ಕ, ನಾನು ಒಳಕ್ಕೆ ಕರ್ಕಂಡೋಗಿ ಬುದ್ಧಿ ಹೇಳಿ..."

"ಬುದ್ಧಿ ಹೇಳಿಸ್ಕಂಡು ಬರೋಳು ನನ್ಗ್ಯಾಕೆ ಬೋರಣ್ಣ? ನನ್ಗೂ ಮನೇಲಿ ಒಬ್ಳು ತಂಗಿ ಅವ್ಳೆ." ಅವನು ಎದ್ದು ಚಪ್ಪಲಿ ಮೆಟ್ಟಿದ. "ಏಳು ಮಾವ. ಹೋಗಾನ."

ಸೋದರಮಾವ ಗೊಣಗುತ್ತ ಸೀರೆಯನ್ನು ಚೀಲಕ್ಕೆ ತುರುಕಿದ, ಅಡಿಕೆಯನ್ನೂ ಬಿಡದೆ ಆಯ್ದುಕೊಂಡ. ಅಂಜನಪ್ಪ ಗಾಡಿಗೆ ಎರಡು ಸಲ ಒದ್ದ, ಮೂರನೆಯ ಸಲಕ್ಕೆ ಅದು ಹತ್ತಿಕೊಂಡಿತು. ಹೋಗುವಾಗ ಅವನು ಪುಟ್ಟಕ್ಕನ ಕಡೆ ತಿರುಗಿ, ಮರ್ಯಾದೆಯಿಂದ, ದೊಡ್ಡವರಿಗೆ ಹೇಳುವ ಹಾಗೆ, "ಬತ್ತೀನಿ," ಎಂದ. ಅಷ್ಟೇ.

ಪುಟ್ಟಕ್ಕ ಕೂತಲ್ಲೇ ಗಾಡಿಯ ಸದ್ದು ಕೇಳುತ್ತಿದ್ದಳು. ಬೇಲಿಯ ತಿರುವು ದಾಟಿತು. ಮುಂದೆ ಮೋರಿ. ಮೋರಿಯ ಹತ್ತಿರ ನಿಲ್ಲಿಸಿ, ಯಾರಾದರೂ ಕರೆಯಲು ಬರುತ್ತಾರೇನೋ ಎಂದು ಕಾಯುತ್ತಾನೋ ಎಂದು ಕಿವಿ ನಿಮಿರಿಸಿದಳು. ನಿಲ್ಲಿಸಲಿಲ್ಲ. ಸದ್ದು ಬರಗೂರಿನ ರಸ್ತೆ ಹಿಡಿದು ಸಣ್ಣದಾಗುತ್ತ ಹೋಗಿ, ಕೊನೆಗೆ ಬರೀ ಮಗ್ಗದ ಸದ್ದು ಉಳಿಯಿತು. ಅವಳ ಕಣ್ಣಿನಲ್ಲಿ ನೀರು ತುಂಬಿಕೊಂಡಿತು. ಎದೆಯೊಳಗೆ ಇಷ್ಟು ವರ್ಷ ಬಿಗಿದುಕೊಂಡಿದ್ದ ಏನೋ ಒಂದು ಸಡಿಲವಾಗಿತ್ತು.

"ಮಾನ ಕಳೆದ್ಯಲ್ಲೇ!" ಬೋರಪ್ಪ ಕೂಗಾಡುತ್ತಿದ್ದ. "ಅಂಥ ಮನುಷ್ಯ ಇನ್ನೊಬ್ಬ ಸಿಕ್ತಾನೇನೇ ನಿನ್ಗೆ? ಬಾಗ್ಲಿಗೆ ಬಂದೋನ್ನ ಬರಿಗೈಲಿ ಕಳ್ಸಿದ್ಯಲ್ಲ!"

"ಸಿಕ್ಕಲ್ಲ ಕಣಣ್ಣ," ಎಂದಳು ಪುಟ್ಟಕ್ಕ. ಸೆರಗಿನಿಂದ ಕಣ್ಣು ಒರೆಸಿಕೊಂಡು ಎದ್ದಳು. ಒಳಗೆ ಹೋಗಿ ಮುಖ ತೊಳೆದು, ಕನ್ನಡಿಯ ಮುಂದೆ ನಿಂತು ಕೂದಲು ಬಿಗಿಯಾಗಿ ಗಂಟು ಹಾಕಿಕೊಂಡು ಹೊರಗೆ ಬಂದಳು. "ಕಳ್ಳಂಬೆಳ್ಳಕ್ಕೆ ಹೋಗೋಕೆ ಬಸ್ಸು ಎಷ್ಟೊತ್ತಿಗೈತೆ?"

ಬೋರಪ್ಪ ಬಾಯಿ ಬಿಟ್ಟುಕೊಂಡು ನೋಡಿದ. ಸಣ್ಣರಂಗಯ್ಯ, "ಎಲ್ಲಿಗೆ?" ಎಂದು ಎರಡು ಸಲ ಕೇಳಿದ. ಕ್ಯಾತಮ್ಮ ಖಾಲಿ ತಟ್ಟೆ ಹಿಡಿದುಕೊಂಡು ನಿಂತೇ ಇದ್ದಳು.

"ಹನ್ನೊಂದೂವರೆಗೆ ಬರಗೂರಿಂದ ಸಿರಾಕ್ಕೆ ಒಂದೈತೆ," ಎಂದಳು ಬಾಗಿಲ ಪಕ್ಕದಿಂದ ಈರಕ್ಕ. "ಅಲ್ಲಿಳ್ದು ಇನ್ನೊಂದು ಹತ್ಬೇಕು. ಬಿಸ್ಲೈತೆ, ತಲೆ ಮ್ಯಾಲೆ ಸೆರಗು ಹೊದ್ಕ."

ಪುಟ್ಟಕ್ಕ ಬಾಗಿಲ ಮೂಲೆಯಲ್ಲಿ ತನ್ನ ಚಪ್ಪಲಿ ಹುಡುಕತೊಡಗಿದಳು.